ಹಿಂಬಾ ಹಳ್ಳಿಗೆ ಹೋಗುವುದಾದರೆ ಯಾವ ದಾರಿ ಹಿಡಿಯಬೇಕು?

ನಮೀಬಿಯಾ ಪ್ರವಾಸದ ಪಟ್ಟಿ ಹಾಕುವಾಗ ಎತೋಶಾ ಕಾಡು, ಸೊಸುಸ್‌ಫ್ಲೇ ಮರಳುದಿಬ್ಬ ಆದಮೇಲೆ ಬರುವ ಹೆಸರು ಹಿಂಬಾ ಹಳ್ಳಿ, ಅಂದರೆ ದನ ಸಾಕುವ ಹಿಂಬಾ ಬುಡಕಟ್ಟಿನವರ ಊರು. ಮೈಗೆ ಕೆಂಪು ಲೇಪ ಹಚ್ಚಿಕೊಂಡು, ಜಡೆಗೂ ಅದನ್ನೇ ಮೆತ್ತಿಕೊಂಡ ಹೆಂಗಸರ ಫೋಟೊ ನೋಡಿಯೇ ಎಷ್ಟೋ ಜನ ಆ ಕಡೆ ಹೊರಡುತ್ತಾರೆ. ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ 'ಹಿಂಬಾ ಹಳ್ಳಿ ಭೇಟಿ' ಎಂಬ ಒಂದೇ ಹೆಸರಲ್ಲಿ ಐದಾರು ಬಗೆಯ ಭೇಟಿಗಳನ್ನು ಮಾರುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಹೋಗುವವರೆಲ್ಲ ಕೇಳುವ ಮೊದಲ ಪ್ರಶ್ನೆ, 'ಇದರಲ್ಲಿ ಅಸಲಿ ಯಾವುದು?' ನನಗೆ ಈ ಪ್ರಶ್ನೆಯೇ ಸರಿ ಅನ್ನಿಸುವುದಿಲ್ಲ. ಮೊಬೈಲ್ ಹಿಡಿದ ಹಿಂಬಾ ಹುಡುಗಿಯನ್ನು ನೋಡಿ 'ಇದೆಲ್ಲ ನಾಟಕ' ಅನ್ನುವವರಿದ್ದಾರೆ. ಅವಳು ಯಾಕೆ ಮೊಬೈಲ್ ಇಟ್ಟುಕೊಳ್ಳಬಾರದು? ಕೇಳಬೇಕಾದ ಪ್ರಶ್ನೆ ಎರಡೇ. 'ಇವತ್ತು ಬೇಡ, ನಾಳೆ ಬನ್ನಿ' ಅನ್ನುವ ಅಧಿಕಾರ ಆ ಹಳ್ಳಿಯವರಿಗೆ ಇದೆಯಾ? ನಾನು ಕೊಟ್ಟ ದುಡ್ಡು ಯಾರ ಕೈ ಸೇರುತ್ತದೆ? ಈ ಎರಡಕ್ಕೆ ಸಿಗುವ ಉತ್ತರದ ಮೇಲೆಯೇ ಕೆಳಗಿನ ಹೋಲಿಕೆ ನಿಂತಿದೆ.

ಮೊದಲು ಸ್ವಲ್ಪ ಊರಿನ ಪರಿಚಯ. ಹಿಂಬಾ ಜನ ಇರುವುದು ನಮೀಬಿಯಾದ ವಾಯವ್ಯ ಮೂಲೆಯ ಕುನೇನೆ ಪ್ರಾಂತ್ಯದಲ್ಲಿ. ಹಳೆಯ ಹೆಸರು ಕಾವೊಕೊಲ್ಯಾಂಡ್. ಕುನೇನೆ ನದಿ ದಾಟಿದರೆ ಅಂಗೋಲಾ, ಅಲ್ಲೂ ಅವರಿದ್ದಾರೆ. ಹೆರೆರೊ ಜನರಿಗೆ ಹತ್ತಿರದ ನೆಂಟರು, ಮಾತೂ ಹೆಚ್ಚುಕಡಿಮೆ ಒಂದೇ. ದನ, ಮೇಕೆ ಸಾಕುವುದೇ ಬದುಕು. 1980ರ ದಶಕದ ಶುರುವಿನ ಬರಗಾಲದಲ್ಲಿ ಅವರ ದನಗಳಲ್ಲಿ ಬಹುಪಾಲು ಸತ್ತವು. 1990ರ ದಶಕದಲ್ಲಿ ಎಪುಪಾ ಜಲಪಾತದ ಹತ್ತಿರ ಅಣೆಕಟ್ಟು ಕಟ್ಟಲು ಸರ್ಕಾರ ಹೊರಟಾಗ, ಹಿರಿಯರ ಸಮಾಧಿಗಳೂ ಮೇವಿನ ನೆಲವೂ ಮುಳುಗುತ್ತವೆ ಎಂದು ಇವರೇ ಎದ್ದು ನಿಂತರು. ಆ ಅಣೆಕಟ್ಟು ಅಲ್ಲಿ ಏಳಲಿಲ್ಲ. 'ಹೊರಗಿನ ಪ್ರಪಂಚ ಗೊತ್ತಿಲ್ಲದ ಮುಗ್ಧ ಜನ' ಅಂತ ಯಾವುದಾದರೂ ಟೂರ್ ಕಂಪನಿ ಬರೆದುಕೊಂಡಿದ್ದರೆ, ಅದನ್ನು ಅಲ್ಲಿಗೇ ಬಿಟ್ಟು ಮುಂದಿನದನ್ನು ನೋಡಿ.

ಒಪುವೊದಿಂದ ಗೈಡ್ ಕರೆದುಕೊಂಡು ಹೋಗುವುದು

ಒಪುವೊ ಕುನೇನೆ ಪ್ರಾಂತ್ಯದ ಮುಖ್ಯ ಪಟ್ಟಣ. ರಾಜಧಾನಿ ವಿಂಡ್‌ಹುಕ್‌ನಿಂದ 700 ಕಿಲೋಮೀಟರ್‌ಗೂ ಜಾಸ್ತಿ, ಆದರೆ ದಾರಿ ಪೂರ್ತಿ ಟಾರು. ಪೆಟ್ರೋಲ್ ಬಂಕ್, ಸೂಪರ್‌ಮಾರ್ಕೆಟ್, ಆಸ್ಪತ್ರೆ ಎಲ್ಲ ಇದೆ. ಸೂಪರ್‌ಮಾರ್ಕೆಟ್ ಕ್ಯೂನಲ್ಲಿ ನಿಮ್ಮ ಮುಂದೆ ಮೈತುಂಬ ಕೆಂಪು ಹಚ್ಚಿಕೊಂಡ ಹಿಂಬಾ ಹೆಂಗಸು, ಹಿಂದೆ ಉದ್ದನೆಯ ಲಂಗ, ಹಸುವಿನ ಕೊಂಬಿನಾಕಾರದ ಟೋಪಿ ತೊಟ್ಟ ಹೆರೆರೊ ಅಜ್ಜಿ ನಿಂತಿರುವುದು ಇಲ್ಲಿ ದಿನನಿತ್ಯದ ಮಾತು. ಸುತ್ತಲಿನ ಹಳ್ಳಿಗಳಿಗೆ ಕರೆದೊಯ್ಯುವ ಗೈಡ್‌ಗಳು ಇಲ್ಲಿ ಸಿಗುತ್ತಾರೆ. ಅವರಲ್ಲಿ ಹಲವರು ಹಿಂಬಾ ಅಥವಾ ಹೆರೆರೊ ಮನೆಯವರೇ.

ಇದು ಎಲ್ಲಕ್ಕಿಂತ ಸಲೀಸಾದ ದಾರಿ. ಆದರೆ ಒಳ್ಳೆಯದಾಗುವುದೂ ಕೆಟ್ಟದಾಗುವುದೂ ಪೂರ್ತಿ ಗೈಡ್ ಕೈಯಲ್ಲಿದೆ. ಒಳ್ಳೆಯ ಗೈಡ್ ಮೊದಲು ಅಂಗಡಿಗೆ ಕರೆದುಕೊಂಡು ಹೋಗುತ್ತಾನೆ. ಮೆಕ್ಕೆಜೋಳದ ಹಿಟ್ಟಿನ ಮೂಟೆ, ಅಡುಗೆ ಎಣ್ಣೆ, ಸಕ್ಕರೆ, ಚಹಾಪುಡಿ ಕೊಳ್ಳಿಸುತ್ತಾನೆ. ಹಳ್ಳಿ ಮುಟ್ಟಿದ ಮೇಲೆ ನಿಮ್ಮನ್ನು ಗಾಡಿ ಹತ್ತಿರವೇ ನಿಲ್ಲಿಸಿ ತಾನೊಬ್ಬನೇ ಒಳಗೆ ಹೋಗಿ ಹಿರಿಯರ ಹತ್ತಿರ ಮಾತಾಡುತ್ತಾನೆ. ಆ ಹತ್ತು ಹದಿನೈದು ನಿಮಿಷ ಬಿಸಿಲಲ್ಲಿ ನಿಂತು ಕಾಯುವುದು ಬೇಜಾರು ತರಬಹುದು. ಆದರೆ ಅವನ ಯೋಗ್ಯತೆ ಗೊತ್ತಾಗುವುದೇ ಆಗ. ನೇರವಾಗಿ ಒಳಗೆ ನುಗ್ಗಿಸಿ 'ಫೋಟೊ ತೆಗೀರಿ, ಪರವಾಗಿಲ್ಲ' ಅನ್ನುವವನು ನಿಮಗೂ ಬೇಡ, ಅವರಿಗೂ ಬೇಡ.

ಮಾತು ಪಕ್ಕಾ ಮಾಡುವ ಮೊದಲು ಕೇಳಿ: ಆ ಹಳ್ಳಿಗೂ ನಿನಗೂ ಏನು ಸಂಬಂಧ? ನಿನ್ನ ಫೀಸಿನಲ್ಲಿ ಹಳ್ಳಿಗೆ ಎಷ್ಟು, ಯಾರ ಕೈಗೆ? ದಿನಕ್ಕೆ ಎಷ್ಟು ಗುಂಪು ಹೋಗುತ್ತೆ? ಶಾಲೆಯ ಹೊತ್ತಿನಲ್ಲಿ ಮಕ್ಕಳು ಅಲ್ಲೇ ಇರುತ್ತಾರಾ? ಕೊನೆಯ ಪ್ರಶ್ನೆ ಮುಖ್ಯ. ಪ್ರವಾಸಿಗಳಿಗೆ ತೋರಿಸಲೆಂದು ಮಕ್ಕಳನ್ನು ಶಾಲೆ ಬಿಡಿಸಿ ಕೂರಿಸುವ ಚಾಳಿ ಎಲ್ಲಿದ್ದರೂ ಆ ಕಡೆ ಹೋಗಬಾರದು. ಪಟ್ಟಣಕ್ಕೆ ತೀರ ಹತ್ತಿರದ ಹಳ್ಳಿಗಳಿಗೆ ಬಸ್ಸುಗಟ್ಟಲೆ ಜನ ಬರುವುದೂ ಉಂಟು. ಒಂದರ್ಧ ಗಂಟೆ ಹೆಚ್ಚು ಓಡಿದರೂ ಸರಿ, ದೂರದ ಹಳ್ಳಿಗೆ ಹೋಗೋಣ ಅಂತ ಹೇಳಿನೋಡಿ.

ಲಿವಿಂಗ್ ಮ್ಯೂಸಿಯಂ

ಒಪುವೊದಿಂದ ಎಪುಪಾ ಕಡೆ ಹೋಗುವ ದಾರಿಯಲ್ಲಿ, ಸುಮಾರು 40 ಕಿಲೋಮೀಟರ್ ದೂರದ ಒಮುಂಗುಂಡಾದಲ್ಲಿ ಓವಾಹಿಂಬಾ ಲಿವಿಂಗ್ ಮ್ಯೂಸಿಯಂ ಇದೆ. ಹೆಸರು ಕೇಳಿ ಮೂಗು ಮುರಿಯುವವರು ಜಾಸ್ತಿ. 'ಮ್ಯೂಸಿಯಂ ಅಂದ್ರೆ ವೇಷ ಹಾಕ್ಕೊಂಡು ಕುಣಿಯೋದು ಅಲ್ವಾ?' ಅನ್ನುತ್ತಾರೆ. ಸಂದರ್ಶಕರಿಗೆ ತೋರಿಸಲೆಂದೇ ಮಾಡಿದ ಜಾಗ ಅದು, ನಿಜ. ಯಾರೂ ಅದನ್ನು ಮುಚ್ಚಿಡುವುದಿಲ್ಲ.

ನಮೀಬಿಯಾದಲ್ಲಿ ಈ ಬಗೆಯ ಮೊದಲ ಮ್ಯೂಸಿಯಂ 2004ರಲ್ಲಿ ಗ್ರಾಸ್‌ಹೋಕ್‌ನಲ್ಲಿ ಜುಹೋನ್ಸಿ ಸಾನ್ ಜನ ಶುರುಮಾಡಿದ್ದು. ಅದೇ ಮಾದರಿಯಲ್ಲಿ ಆಮೇಲೆ ಬೇರೆ ಜನಾಂಗಗಳವರೂ ಶುರುಮಾಡಿದರು. ಲಿವಿಂಗ್ ಕಲ್ಚರ್ ಫೌಂಡೇಶನ್ ನಮೀಬಿಯಾ ಎಂಬ ಸಂಸ್ಥೆ ಕೈಜೋಡಿಸುತ್ತದೆ, ನಡೆಸುವವರು ಊರಿನವರೇ. ಕಾರ್ಯಕ್ರಮಗಳ ಪಟ್ಟಿ ಇರುತ್ತದೆ, ದರ ಬರೆದಿರುತ್ತದೆ. ಮನೆಯ ಬೆಂಕಿ ಹಚ್ಚುವುದು, ಸೊಪ್ಪು-ಬೇರುಗಳ ಪರಿಚಯ, ಒಡವೆ ಮಾಡುವುದು, ಹಾಡು, ಕುಣಿತ. ನಿಮಗೆ ತೋರಿಸಲು ಕೂತವರು ಅದು ತಮ್ಮ ಕೆಲಸ ಎಂದು ಗೊತ್ತಿದ್ದೇ ಬಂದವರು. ಕೆಲಸ ಮುಗಿದ ಮೇಲೆ ಅವರ ಮನೆ, ಅವರ ಸಂಜೆ ಅವರದೇ. ನಿಮ್ಮ ಕ್ಯಾಮೆರಾ ಅಲ್ಲಿಗೆ ಹೋಗುವುದಿಲ್ಲ.

ಈ ಕಾರಣಕ್ಕೇ, ಮೊದಲ ಸಲ ಹೋಗುವವರಿಗೆ ಮತ್ತು ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದು ಇದನ್ನೇ. ಮಗು ನೂರು ಪ್ರಶ್ನೆ ಕೇಳಲಿ, ಇಲ್ಲಿ ಯಾರಿಗೂ ಮುಜುಗರವಿಲ್ಲ. ಒಬ್ಬರ ಮನೆಯಂಗಳದಲ್ಲಿ ನಿಂತು ಅದೇ ಪ್ರಶ್ನೆ ಕೇಳಿದರೆ ಬೇರೆಯೇ ಆಗುತ್ತದೆ. ಕೊರತೆ ಅಂದರೆ, ದನ ಮನೆಗೆ ಬರುವ ಗಲಾಟೆ, ಅತ್ತೆ-ಸೊಸೆಯ ಮಾತು, ಸುಮ್ನೆ ಕೂತಿರುವ ಹೊತ್ತು ಇವೆಲ್ಲ ಇಲ್ಲಿ ಸಿಗುವುದು ಕಷ್ಟ.

ಕನ್ಸರ್ವೆನ್ಸಿಗಳ ದಾರಿ: ಎಪುಪಾ, ಪುರ್ರೋಸ್

ಸಮಯವೂ ಒಳ್ಳೆಯ ಗಾಡಿಯೂ ಇದ್ದರೆ ನನ್ನ ಮತ ಇದಕ್ಕೆ. 1996ರಲ್ಲಿ ನಮೀಬಿಯಾ ಒಂದು ಕಾನೂನು ತಿದ್ದುಪಡಿ ಮಾಡಿತು. ಊರಿನವರು ಒಟ್ಟಾಗಿ ತಮ್ಮ ನೆಲದ ಗಡಿ ಗುರುತಿಸಿ ನೋಂದಾಯಿಸಿಕೊಂಡರೆ, ಅಲ್ಲಿನ ಕಾಡುಪ್ರಾಣಿ ಮತ್ತು ಪ್ರವಾಸೋದ್ಯಮದ ಲಾಭದ ಮೇಲೆ ಅವರಿಗೇ ಹಕ್ಕು. ಹೀಗೆ ನೋಂದಾಯಿಸಿದ ನೆಲವೇ ಕನ್ಸರ್ವೆನ್ಸಿ. 1998ರಲ್ಲಿ ಮೊದಲ ಕನ್ಸರ್ವೆನ್ಸಿಗಳು ಬಂದವು, ಈಗ 80ಕ್ಕೂ ಹೆಚ್ಚು ಇವೆ. ಕುನೇನೆಯ ಬಹುಭಾಗ ಇಂಥ ಕನ್ಸರ್ವೆನ್ಸಿಗಳದ್ದೇ. ಅಂದರೆ ಲಾಡ್ಜ್, ಕ್ಯಾಂಪ್‌ಸೈಟ್, ಹಳ್ಳಿ ಭೇಟಿ ಇವುಗಳ ಬಗ್ಗೆ ಕೂತು ಮಾತಾಡಲು ಊರಿಗೊಂದು ಸಮಿತಿ ಇದೆ. ಎಲ್ಲ ಸಮಿತಿಗಳೂ ಚೊಕ್ಕ ಅಂತ ನಾನು ಹೇಳುತ್ತಿಲ್ಲ. ಜಗಳ, ಪಕ್ಷಪಾತ ಎಲ್ಲ ಕಡೆಯಂತೆ ಅಲ್ಲೂ ಇರುತ್ತದೆ. ಆದರೂ ಕೇಳಲು ಒಂದು ಬಾಗಿಲಿದೆ.

ಒಪುವೊದಿಂದ ಎಪುಪಾಗೆ ಸುಮಾರು 180 ಕಿಲೋಮೀಟರ್, ಪೂರ್ತಿ ಜಲ್ಲಿ ರಸ್ತೆ. ಕುನೇನೆ ನದಿ ಇಲ್ಲಿ ಕವಲು ಕವಲಾಗಿ ಬಂಡೆಗಳ ನಡುವೆ ಧುಮುಕುತ್ತದೆ. ಆಚೆ ದಡ ಅಂಗೋಲಾ. ನದಿಯಲ್ಲಿ ಮೊಸಳೆ ಇವೆ, ಈಜುವ ಆಸೆ ಬೇಡ. ಇಲ್ಲಿನ ಕ್ಯಾಂಪ್‌ಗಳವರು ಆ ಭಾಗದ ಗೈಡ್ ಜೊತೆ ಹಳ್ಳಿಗೆ ಕಳಿಸುತ್ತಾರೆ. ಎರಡು ರಾತ್ರಿ ಇರುವಂತೆ ಯೋಜನೆ ಹಾಕಿಕೊಂಡರೆ ಹಳ್ಳಿಯವರಿಗೆ ಅನುಕೂಲವಾದ ಹೊತ್ತಿಗೆ ನೀವು ಹೋಗಬಹುದು. ಬೆಳಗ್ಗೆ ಹೋದರೆ ಹಾಲು ಕರೆಯುವ ಹೊತ್ತು. ಹುಳಿ ಬರಿಸಿದ ಹಾಲನ್ನು ಸೋರೆಬುರುಡೆಯಲ್ಲಿ ತುಂಬಿ ಆಡಿಸಿ ಆಡಿಸಿ ಬೆಣ್ಣೆ ತೆಗೆಯುತ್ತಾರೆ. ಆ ಬೆಣ್ಣೆಯೇ ಮೈಗೆ ಹಚ್ಚುವ ಲೇಪಕ್ಕೆ ಹೋಗುತ್ತದೆ.

ಆ ಲೇಪಕ್ಕೆ ಓಟ್ಜಿಜೆ ಅನ್ನುತ್ತಾರೆ. ತಯಾರಿ ನೋಡಲು ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಕೆಂಪು ಕಬ್ಬಿಣದ ಕಲ್ಲಿನ ತುಂಡನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಅರೆಯುತ್ತಾರೆ. ಪುಡಿ ನುಣ್ಣಗಾದ ಮೇಲೆ ಅಂಗೈಯಲ್ಲಿ ಬೆಣ್ಣೆ ತೆಗೆದುಕೊಂಡು ಬೆರಳಿನಿಂದ ಕಲೆಸುತ್ತಾರೆ. ಒಮುಜುಂಬಾ ಗಿಡದ ಅಂಟು ಸೇರಿದರೆ ಸುವಾಸನೆ. ಮುಖ, ತೋಳು, ಕಾಲು, ಒಡವೆ, ಜಡೆ ಎಲ್ಲಕ್ಕೂ ಅದೇ. ಹಚ್ಚುವವರು ಹೆಂಗಸರು ಮಾತ್ರ, ಗಂಡಸರಲ್ಲ. ನೀರಿನ ಸ್ನಾನದ ಬದಲು ಹೊಗೆಯ ಸ್ನಾನ: ಪುಟ್ಟ ಮಡಕೆಯಲ್ಲಿ ಕೆಂಡ, ಅದರ ಮೇಲೆ ಪರಿಮಳದ ಸೊಪ್ಪು-ಕಡ್ಡಿ, ಆ ಹೊಗೆಗೆ ಮೈಯೊಡ್ಡಿ ಮೇಲೆ ಹೊದಿಕೆ ಮುಚ್ಚಿಕೊಂಡು ಬೆವರು ಬಿಡಿಸುತ್ತಾರೆ. 'ಅಯ್ಯೋ, ಸ್ನಾನವೇ ಮಾಡಲ್ವಂತೆ' ಅಂತ ಕನ್ನಡದಲ್ಲಿ ಪಕ್ಕದವರಿಗೆ ಹೇಳಿ ನಗಬೇಡಿ. ಮಾತು ಅರ್ಥವಾಗದಿದ್ದರೂ ಮುಖ ಅರ್ಥವಾಗುತ್ತದೆ. ನಿಮ್ಮ ಕೈಗೂ ಒಂದಿಷ್ಟು ಲೇಪ ಹಚ್ಚುತ್ತಾರೆ. ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ ಅಷ್ಟೇ, ಸುಲಭಕ್ಕೆ ಬಿಡುವುದಿಲ್ಲ.

ಪುರ್ರೋಸ್ ಇನ್ನೊಂದು ದಿಕ್ಕು. ಸೆಸ್‌ಫಾಂಟೇನ್‌ನಿಂದ ವಾಯವ್ಯಕ್ಕೆ ಸುಮಾರು 100 ಕಿಲೋಮೀಟರ್, ಹೋರುಸಿಬ್ ಎಂಬ ಒಣ ನದಿಯ ದಂಡೆ. ಊರಿನವರೇ ನಡೆಸುವ ಕ್ಯಾಂಪ್‌ಸೈಟ್ ಇದೆ, ಮರುಭೂಮಿ ಆನೆಗಳು ಅದರ ನಡುವೆಯೇ ನಡೆದು ಹೋಗುತ್ತವೆ. ಇಲ್ಲಿ ಹಿಂಬಾ, ಹೆರೆರೊ ಇಬ್ಬರೂ ಇದ್ದಾರೆ. ಫೋರ್ ವೀಲ್ ಡ್ರೈವ್ ಇಲ್ಲದೆ ಹೋಗುವ ಮಾತೇ ಇಲ್ಲ. ಇದಕ್ಕಿಂತ ಆಚೆ, ಹಾರ್ಟ್‌ಮನ್ ಕಣಿವೆ, ಮರಿಯೆನ್‌ಫ್ಲೂಸ್ ಕಡೆ ಪುಟ್ಟ ವಿಮಾನದಲ್ಲಿ ಕರೆದೊಯ್ಯುವ ದುಬಾರಿ ಲಾಡ್ಜ್‌ಗಳಿವೆ. ಕಿಸೆ ಗಟ್ಟಿಯಿದ್ದವರು ನೋಡಬಹುದು. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಈ ಲಾಡ್ಜ್‌ಗೂ ಕನ್ಸರ್ವೆನ್ಸಿಗೂ ಏನು ಒಪ್ಪಂದ ಎನ್ನುವುದು.

ಕಮಾಂಜಾಬ್ ಹತ್ತಿರದ ಹಳ್ಳಿಗಳು, ರಸ್ತೆ ಬದಿಯ ಅಂಗಡಿಗಳು

ಎತೋಶಾ ಮುಗಿಸಿ ದಕ್ಷಿಣಕ್ಕೆ ತಿರುಗುವವರಿಗೆ ಕಮಾಂಜಾಬ್ ಹತ್ತಿರವೇ ಹಿಂಬಾ ಹಳ್ಳಿ ತೋರಿಸುತ್ತಾರೆ. ಒಪುವೊಗೆ ಹೋಗುವ ಸುಮಾರು 250 ಕಿಲೋಮೀಟರ್ ಉಳಿಯುತ್ತದೆ, ಒಂದೂವರೆ ಗಂಟೆಯಲ್ಲಿ ಭೇಟಿ ಮುಗಿಯುತ್ತದೆ, ಪ್ಯಾಕೇಜ್ ಟೂರ್‌ನವರಿಗೆ ಇದೇ ಇಷ್ಟ. ಇದು ಹಿಂಬಾ ಜನರ ಮೂಲ ನೆಲವಲ್ಲ. ಪ್ರವಾಸಿಗಳಿಂದ ಬರುವ ಆದಾಯವನ್ನೇ ನಂಬಿ ಇಲ್ಲಿಗೆ ಬಂದು ನೆಲೆಸಿದವರು. ಹಾಗಂತ ಅವರು ಸುಳ್ಳು ಹಿಂಬಾಗಳಲ್ಲ. ಜಾಗ ಖಾಸಗಿಯವರದ್ದಾದರೆ ದುಡ್ಡಿನ ಲೆಕ್ಕ ಯಾರ ಕೈಯಲ್ಲಿದೆ ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಕೇಳಬೇಕು. ನೇರ ಉತ್ತರ ಬಂದರೆ ಹೋಗಿ. ತೊದಲಿದರೆ ಬೇಡ. ಸಮಯ ಇಲ್ಲ ಎಂಬ ಒಂದೇ ಕಾರಣಕ್ಕೆ ಇಲ್ಲಿಗೆ ಹೋಗುವ ಬದಲು ಆ ಸಲಕ್ಕೆ ಬಿಟ್ಟುಬಿಡುವುದು ವಾಸಿ ಅಂತ ನನ್ನ ಲೆಕ್ಕ.

ಉತ್ತರದ ರಸ್ತೆಗಳ ಬದಿಯಲ್ಲಿ, ಸ್ವಾಕೊಪ್‌ಮುಂಡ್ ಪೇಟೆಯಲ್ಲಿ ಕೂಡ ಹಿಂಬಾ ಹೆಂಗಸರು ಸಾಮಾನು ಹರಡಿಕೊಂಡು ಕೂತಿರುತ್ತಾರೆ. ಇಲ್ಲಿ ನನ್ನ ನಿಯಮ ಸರಳ: ವಸ್ತು ಕೊಳ್ಳಿ, ಫೋಟೊಗೆ ದುಡ್ಡು ಕೊಡಬೇಡಿ. ಬಳೆಗಳನ್ನು ಹತ್ತಿರದಿಂದ ನೋಡಿ. ಬಿಳಿ ಪ್ಲಾಸ್ಟಿಕ್ ನೀರಿನ ಪೈಪನ್ನು ಕತ್ತರಿಸಿ, ಮೇಲೆ ಗೆರೆ ಗೆರೆ ಚಿತ್ತಾರ ಕೊರೆದು, ಕೆಂಪು ಹಚ್ಚಿ ಮಾಡಿದವೂ ಇರುತ್ತವೆ. 'ಪ್ಲಾಸ್ಟಿಕ್ಕಾ?' ಅಂತ ಮುಖ ಸಿಂಡರಿಸುವವರು ಇದ್ದಾರೆ. ನನಗಂತೂ ಅದೇ ಹೆಚ್ಚು ಹಿಡಿಸುತ್ತದೆ. ಕೈಗೆ ಸಿಕ್ಕಿದ್ದನ್ನು ತಮ್ಮದಾಗಿಸಿಕೊಳ್ಳುವ ಜಾಣತನ ಅದು. ಹಳ್ಳಿಯಲ್ಲೂ ಹೊರಡುವಾಗ ಹೆಂಗಸರು ಸುತ್ತಲೂ ಬಟ್ಟೆ ಹಾಸಿ ಒಡವೆ ಇಡುತ್ತಾರೆ. ಎಲ್ಲರ ಹತ್ತಿರವೂ ಕೊಳ್ಳಲಾಗುವುದಿಲ್ಲ. ಒಂದೆರಡನ್ನಾದರೂ ಕೊಳ್ಳಿ, ಹತ್ತು ಡಾಲರ್‌ಗಾಗಿ ಚೌಕಾಸಿಗೆ ಇಳಿಯಬೇಡಿ. ನಮೀಬಿಯಾ ಡಾಲರ್ ಅಮೆರಿಕದ ಡಾಲರ್ ಅಲ್ಲ, ದಕ್ಷಿಣ ಆಫ್ರಿಕಾದ ರ‍್ಯಾಂಡ್‌ಗೆ ಸಮ. ಸಣ್ಣ ನೋಟುಗಳನ್ನು ಒಪುವೊದಲ್ಲೇ ಮಾಡಿಸಿಕೊಳ್ಳಿ.

ಯಾವ ದಾರಿಯಲ್ಲಿ ಹೋದರೂ

ಹಳ್ಳಿಯ ಒಳಗೆ ಕಾಲಿಡುವ ಮೊದಲು ಗೈಡ್‌ಗೆ ಕೇಳಬೇಕಾದ್ದು, 'ಬೆಂಕಿ ಎಲ್ಲಿದೆ?' ಮನೆಯ ಯಜಮಾನನ ಗುಡಿಸಲಿಗೂ ದನದ ದೊಡ್ಡಿಗೂ ನಡುವೆ ಒಕುರುವೊ ಎಂಬ ಪವಿತ್ರ ಬೆಂಕಿ ಇರುತ್ತದೆ. ಭರ್ಜರಿ ಹೋಮಕುಂಡ ಹುಡುಕಬೇಡಿ. ನಾಲ್ಕಾರು ಕಲ್ಲು, ಒಂದೆರಡು ಕೊರಡು, ಬೂದಿ, ಅಷ್ಟೇ ಕಾಣುತ್ತದೆ. ಹೊಗೆ ಕೂಡ ಇರಲಿಕ್ಕಿಲ್ಲ. ತೀರಿಹೋದ ಹಿರಿಯರ ಜೊತೆ ಮಾತಾಡುವ ಜಾಗ ಅದು. ಬೆಂಕಿಗೂ ಗುಡಿಸಲಿಗೂ, ಬೆಂಕಿಗೂ ದೊಡ್ಡಿಗೂ ನಡುವಿನ ನೆಲವನ್ನು ಹೊರಗಿನವರು ದಾಟಬಾರದು. ಗೆರೆ ಎಳೆದಿರುವುದಿಲ್ಲ, ಹಗ್ಗ ಕಟ್ಟಿರುವುದಿಲ್ಲ. ಒಳ್ಳೆಯ ಫೋಟೊ ಕೋನ ಹುಡುಕುತ್ತ ಹಿಂದೆ ಹಿಂದೆ ನಡೆಯುವವರು ಅಲ್ಲೇ ಹೋಗಿ ನಿಲ್ಲುತ್ತಾರೆ. ಮಕ್ಕಳಿಗೆ ಗಾಡಿ ಇಳಿಯುವ ಮುಂಚೆಯೇ ಹೇಳಿಡಿ.

'ಮೊರೊ' ಎಂದು ನಮಸ್ಕಾರ ಹೇಳಿ. 'ಪೆರಿವಿ?' (ಹೇಗಿದ್ದೀರಿ?) ಎಂದು ಕೇಳಿದರೆ 'ನಾವಾ' (ಚೆನ್ನಾಗಿದ್ದೇನೆ) ಅನ್ನಿ. ಹೊರಡುವಾಗ 'ಒಕುಹೆಪಾ' (ಧನ್ಯವಾದ). ಇಷ್ಟು ಬಂದರೂ ನಗು ಬರುತ್ತದೆ, ಮಾತಿಗೆ ದಾರಿಯಾಗುತ್ತದೆ. ಮಾತು ಅಂದರೆ ಬರೀ ಪ್ರಶ್ನೆ ಕೇಳುವುದಲ್ಲ, ನಿಮ್ಮ ಮನೆ, ನಿಮ್ಮ ದನಕರು, ನಿಮ್ಮ ಮದುವೆ ಬಗ್ಗೆಯೂ ಹೇಳಿ. ಹಿಂಬಾಗಳಲ್ಲಿ ತಂದೆಯ ಕಡೆಯ ಕುಲ, ತಾಯಿಯ ಕಡೆಯ ಕುಲ ಎರಡೂ ಲೆಕ್ಕಕ್ಕಿವೆ. ಬೆಂಕಿ ತಂದೆಯ ಕಡೆಯದು, ದನಗಳ ಆಸ್ತಿ ಹೆಚ್ಚಾಗಿ ತಾಯಿಯ ಕಡೆಯಿಂದ ಹರಿದು ಸೋದರಳಿಯನಿಗೆ ಬರುತ್ತಿತ್ತು. ಕರಾವಳಿಯವರಾದರೆ ನಿಮ್ಮ ಅಜ್ಜಿಯ ಕಾಲದ ಅಳಿಯಕಟ್ಟಿನ ಕತೆ ಹೇಳಿನೋಡಿ. ಗೈಡ್ ಅದನ್ನು ತಿಳಿಸಿ ಹೇಳಿದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಜಡೆ ನೋಡಿ ವಯಸ್ಸು ತಿಳಿಯುವುದನ್ನೂ ಅವರೇ ಕಲಿಸುತ್ತಾರೆ. ಮುಖದ ಮುಂದೆ ಎರಡು ಜಡೆ ಇದ್ದರೆ ಇನ್ನೂ ಚಿಕ್ಕ ಹುಡುಗಿ. ತಲೆಯ ಮೇಲೆ ಎರೆಂಬೆ ಎಂಬ ಚರ್ಮದ ತಲೆಯುಡುಗೆ ಇದ್ದರೆ ಮದುವೆಯಾದವಳು ಅಥವಾ ತಾಯಿಯಾದವಳು.

ಗಂಡಸರು ಕಾಣದಿದ್ದರೆ 'ತೋರಿಕೆಯ ಹಳ್ಳಿ' ಅಂತ ಅನುಮಾನ ಪಡಬೇಡಿ. ಮಳೆಯಿಲ್ಲದ ಒಣ ತಿಂಗಳುಗಳಲ್ಲಿ ಮೇವು ಹುಡುಕಿಕೊಂಡು ಅವರು ದನದ ಜೊತೆ ದೂರ ಹೋಗಿರುತ್ತಾರೆ.

ಫೋಟೊ ವಿಷಯ ಸ್ವಲ್ಪ ಖಾರವಾಗಿಯೇ ಹೇಳಬೇಕು. ಹಿಂಬಾ ಹೆಂಗಸರು ಎದೆ ಮುಚ್ಚುವುದಿಲ್ಲ, ಅವರಿಗೆ ಅದು ಸಹಜ. ಆ ಫೋಟೊ ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹೋಗಿ, ಯಾರೋ ಮಾವ ಅದಕ್ಕೊಂದು ಜೋಕ್ ಸೇರಿಸಿ ಮುಂದಕ್ಕೆ ಕಳಿಸಿದರೆ ಅದು ಸಹಜವಲ್ಲ. ಗೈಡ್ ಒಪ್ಪಿದ ಅನ್ನುವುದು ಸಾಲದು, ಆ ಹೆಂಗಸನ್ನೇ ಕೇಳಿ. ತೆಗೆದದ್ದನ್ನು ತೋರಿಸಿ. ಬೇಡ ಅಂದರೆ ಅವರೆದುರೇ ಅಳಿಸಿ. ಮಕ್ಕಳ ಫೋಟೊ ತಾಯಿಯನ್ನು ಕೇಳದೆ ಬೇಡವೇ ಬೇಡ. ಡ್ರೋನ್ ಹಾರಿಸಲು ನಮೀಬಿಯಾದಲ್ಲಿ ಮೊದಲೇ ಅನುಮತಿ ಬೇಕು. ಅನುಮತಿ ಇದ್ದರೂ ಹಳ್ಳಿಯ ಮೇಲೆ ಬೇಡ, ದನ ಬೆದರುತ್ತವೆ.

ತಂದ ಸಾಮಾನನ್ನು ಹಿರಿಯ ಹೆಂಗಸಿನ ಕೈಗೆ ಒಟ್ಟಿಗೆ ಕೊಡಿ. ಮಕ್ಕಳಿಗೆ ಚಾಕಲೇಟ್ ಹಂಚಬೇಡಿ, ಮುಂದಿನ ಗಾಡಿ ಕಂಡಾಗ ಕೈಚಾಚುವುದನ್ನು ಕಲಿಸಿದಂತೆ. ಹೆಂಡ ಅಂತೂ ಯಾರು ಕೇಳಿದರೂ ಕೂಡದು. ಒಪುವೊ ಸುತ್ತ ಕುಡಿತದಿಂದ ಮನೆಗಳು ಹಾಳಾಗಿರುವುದು ನಿಜ.

ಹೊರಡುವ ಮುಂಚೆ

ಬೆಂಗಳೂರಿನಿಂದ ವಿಂಡ್‌ಹುಕ್‌ಗೆ ನೇರ ವಿಮಾನ ಇಲ್ಲ. ಆಡಿಸ್ ಅಬಾಬಾ ಅಥವಾ ಜೋಹಾನ್ಸ್‌ಬರ್ಗ್ ಮೂಲಕ ಹೋಗಬಹುದು. ಹಳದಿ ಜ್ವರ ಇರುವ ದೇಶದಲ್ಲಿ ಹೆಚ್ಚು ಹೊತ್ತು ತಂಗಿದ್ದರೆ ಲಸಿಕೆಯ ಕಾರ್ಡ್ ಕೇಳುತ್ತಾರೆ, ಟಿಕೆಟ್ ಮಾಡಿಸುವಾಗಲೇ ನೋಡಿಕೊಳ್ಳಿ. ಉತ್ತರದಲ್ಲಿ ಮಳೆಗಾಲಕ್ಕೆ ಮಲೇರಿಯಾ ಇದೆ, ಡಾಕ್ಟರ ಹತ್ತಿರ ಮಾತಾಡಿ. ಸಸ್ಯಾಹಾರಿಗಳಾದರೆ ಲಾಡ್ಜ್‌ಗೆ ಮೊದಲೇ ತಿಳಿಸಿ. ಆ ನಾಡಿನಲ್ಲಿ ಊಟ ಅಂದರೆ ಮಾಂಸ.

ಮೇನಿಂದ ಅಕ್ಟೋಬರ್‌ವರೆಗೆ ಒಣ ಹವೆ, ರಸ್ತೆ ಚೆನ್ನಾಗಿರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಮಳೆ. ಹೋರುಸಿಬ್‌ಗೆ ನೀರು ಬಂದರೆ ಪುರ್ರೋಸ್ ದಾರಿ ಕಟ್ಟಿಹೋಗಬಹುದು. ಆಗ ಒಪುವೊ ಅಥವಾ ಲಿವಿಂಗ್ ಮ್ಯೂಸಿಯಂ ಆರಿಸಿಕೊಳ್ಳುವುದೇ ಲೇಸು. ಗಾಡಿ ನೀವೇ ಓಡಿಸುವುದಾದರೆ ರಸ್ತೆಯ ಎಡಬದಿ, ನಮ್ಮಂತೆಯೇ. ಕಮಾಂಜಾಬ್ ದಾಟಿ ಉತ್ತರಕ್ಕೆ ಹೋದರೆ ವೆರ್ಡಾ ಎಂಬಲ್ಲಿ ಗೇಟು ಬರುತ್ತದೆ. ಜಾನುವಾರುಗಳ ರೋಗ ದಕ್ಷಿಣಕ್ಕೆ ಹರಡದಂತೆ ಹಾಕಿದ ಬೇಲಿ ಅದು. ವಾಪಸ್ ಬರುವಾಗ ಗಾಡಿಯಲ್ಲಿ ಹಸಿಮಾಂಸ ಇದ್ದರೆ ಅಲ್ಲೇ ತೆಗೆಸುತ್ತಾರೆ. ಆ ಗೇಟಿನಾಚೆ ರಸ್ತೆಗೆ ಬೇಲಿ ಇಲ್ಲ. ದನ, ಮೇಕೆ, ಕತ್ತೆ ಟಾರಿನ ಮೇಲೆಯೇ ಮಲಗಿರುತ್ತವೆ. ಹೊತ್ತು ಮುಳುಗುವ ಮುಂಚೆ ಒಪುವೊ ಸೇರುವಂತೆ ಲೆಕ್ಕ ಹಾಕಿ, ಕಮಾಂಜಾಬ್‌ನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೊರಡಿ.